ಹಾಳೆಯ ಎಡಗಡೆ

ಮಂಗಳವಾರ, ಬೆಳಗ್ಗೆ ಹತ್ತೂವರೆ

ಪ್ರೀತಿಯ ಮಸಿ,

ಈ ಕಾಗದವನ್ನು ಓದದೆ ಹರಿಯಬೇಡ. ಹರಿಯದೆ ಇರಲು ಆಗುವುದೇ ಇಲ್ಲ ಅನ್ನಿಸಿದರೆ ಕಾಗದವನ್ನು ಹರಿ, ಜೊತೆಗೆ ಮಡಚಿಟ್ಟಿರುವ ಫಾರಂ ಉಳಿಸು. ಅದಕ್ಕೆ ನಿನ್ನ ಸಹಿ ಬೇಕು. ಶುಕ್ರವಾರ ಸಂಜೆ ಐದಕ್ಕೆ ಅಂಕಪಟ್ಟಿಯ ಲಕೋಟೆಗೆ ಅರಗು ಬೀಳುತ್ತದೆ. ಬಿದ್ದ ಮೇಲೆ ನಾನೂ ನೀನೂ ತಲೆಕೆಳಗಾಗಿ ನಿಂತರೂ ಟೈಲರ್ ಮಗಳು ಫೇಲೇ.

ನೋಡಿದೆಯಾ, ವಿಷಯವನ್ನು ಮೊದಲೇ ಹೇಳಿಬಿಟ್ಟೆ. ‘ನೀನು ಬೆಂಕಿ ಬಿದ್ದಿದೆ ಅಂತ ಹೇಳೋಕೂ ಬೆಂಕಿಪೊಟ್ಟಣ ಕೊಂಡ ದಿನದಿಂದ ಶುರುಮಾಡ್ತೀಯ’ ಅಂತ ಆಡಿಕೊಳ್ಳುತ್ತಿದ್ದೆಯಲ್ಲ, ಇವತ್ತು ಹಾಗೆ ಮಾಡಲಿಲ್ಲ. ಇನ್ನು ಮುಂದೆ ಸುತ್ತುತ್ತೇನೆ, ಸಹಿಸಿಕೋ. ಭಯವಾದಾಗ ನಾನು ಸುತ್ತಿ ಬಳಸಿ ಮಾತಾಡುತ್ತೇನೆ ಅನ್ನುವುದು ನನ್ನವಳಿಗೆ ಗೊತ್ತಿತ್ತು. ಅವಳು ಹೋಗಿ ಮೂರು ವರ್ಷವಾಯಿತು. ಈಗ ಅದು ಗೊತ್ತಿರುವವನು ನೀನೊಬ್ಬನೇ.

ಹೌದು, ಭಯ. ಕೈ ನಡುಗುತ್ತಿದೆ ಅಂತ ತಿಳಿಯಬೇಡ. ಕೈ ಗಟ್ಟಿಯಾಗಿದೆ. ಅಕ್ಷರ ನೋಡು, ಎಷ್ಟು ಗುಂಡಗಿವೆ. ಎಲ್ಲವೂ ಸರಿಯಾಗಿದೆ ಅಂತಲೇ ಅನ್ನಿಸುತ್ತಿದೆ. ಭಯ ಇರುವುದು ಅಲ್ಲಿಯೇ.

ನಾವಿಬ್ಬರೂ ಕಾಲೇಜಿನ ಮೊದಲ ವರ್ಷ ಒಂದೇ ಬೆಂಚಿನಲ್ಲಿ ಕೂತು, ಇಂಗ್ಲಿಷಿನಲ್ಲಿ ಜೋಡಿಯಾಗಿ ಡುಮ್ಕಿ ಹೊಡೆದು, ಅಪ್ಪಂದಿರಿಂದ ಜೋಡಿಯಾಗಿ ಬೈಸಿಕೊಂಡು ಚಿತ್ರಶಾಲೆ ಸೇರಿದವರು. ಆ ಇಂಗ್ಲಿಷ್ ಮೇಷ್ಟ್ರು ಬೋರ್ಡಿಗೆ ಬೆನ್ನು ತಿರುಗಿಸಿಯೇ ಹೇಳುತ್ತಿದ್ದರಲ್ಲ, ‘ಜಂಟಲ್‌ಮನ್, ಸೀಯಿಂಗ್ ಈಸ್ ಬಿಲೀವಿಂಗ್’ ಅಂತ. ಅಥವಾ ‘ಬಿಲೀವಿಂಗ್ ಈಸ್ ಸೀಯಿಂಗ್’ ಅಂತಲೋ. ಯಾವುದು ಮೊದಲು ಅನ್ನುವುದು ಪರೀಕ್ಷೆಯ ದಿನವೂ ನನಗೆ ನೆನಪಾಗಲಿಲ್ಲ, ಇವತ್ತೂ ಆಗುತ್ತಿಲ್ಲ. ಆದರೆ ಭಾನುವಾರದಿಂದ ಅದೊಂದೇ ತಲೆಯಲ್ಲಿ ತಿರುಗುತ್ತಿದೆ.

ಕಳೆದ ಬುಧವಾರದ್ದನ್ನು ನಿನಗೆ ನೆನಪಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ. ನನ್ನ ಕುರ್ಚಿಯಿಂದ ಅದು ಹೇಗೆ ಕಂಡಿತು ಅನ್ನುವುದು ನಿನಗೆ ಗೊತ್ತಾಗಬೇಕು.

ಚಿತ್ರಶಾಲೆಯ ಮಹಡಿಯ ಹಾಲು. ನಾಲ್ಕು ಮೇಜು ಜೋಡಿಸಿ ನಲವತ್ತು ವಿದ್ಯಾರ್ಥಿಗಳ ಫೈಲು ಪೇರಿಸಿಟ್ಟಿದ್ದರು. ಒಬ್ಬೊಬ್ಬರದೂ ಆರಾರು ಹಾಳೆ, ಒಂದೊಂದು ತತ್ವಕ್ಕೆ ಒಂದೊಂದು: ಸಮತೋಲ, ವೈದೃಶ್ಯ, ಲಯ, ಪ್ರಮಾಣ, ಒತ್ತು, ಏಕತೆ. ಐದು ಹಾಳೆಗೆ ಹತ್ತತ್ತು ಅಂಕ, ಸಮತೋಲದ ಹಾಳೆಗೆ ಐವತ್ತು. ಆ ನಿಯಮ ತಂದವನೂ ನಾನೇ, ಹತ್ತು ವರ್ಷದ ಕೆಳಗೆ. ತೂಗದ ಚಿತ್ರಕ್ಕೆ ಉಳಿದದ್ದೆಲ್ಲ ಇದ್ದು ಏನು ಪ್ರಯೋಜನ ಅಂತ ಸಭೆಯಲ್ಲಿ ಮೇಜು ಗುದ್ದಿದ್ದೆ. ನೀನು ನನ್ನ ಬಲಕ್ಕೆ ಕೂತಿದ್ದೆ, ಎಂದಿನಂತೆ ಮುಚ್ಚಳವಿಲ್ಲದ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಅಂಗಿಯ ಮೇಲೆ ಭೂಪಟ ಬರೆಸಿಕೊಂಡು. ನಾನು ಎಂದಿನಂತೆ ಸ್ಕೇಲು ಹಿಡಿದಿದ್ದೆ.

ಅವತ್ತು ಬೆಳಗ್ಗೆಯಿಂದ ನಾನು ಗೊಣಗುತ್ತಲೇ ಇದ್ದೆ. ನೆನಪಿದೆಯಾ? ‘ಏನಾಗಿದೆಯೋ ಈ ವರ್ಷದ ಮಕ್ಕಳಿಗೆ, ಎಲ್ಲರೂ ಬಲಕ್ಕೆ ವಾಲ್ತಾರಲ್ಲ?’ ಅಂದೆ. ನೀನು ‘ಕಾಲಮಾನ’ ಅಂದು ನಕ್ಕೆ. ನಾನೂ ನಕ್ಕೆ.

ಇಪ್ಪತ್ತೇಳನೆಯ ಫೈಲು ಟೈಲರ್ ಮಗಳದು. ಸಮತೋಲದ ಹಾಳೆ ಅಡ್ಡಲಾಗಿತ್ತು. ನಾನು ಕಂಡದ್ದು ಇಷ್ಟು: ಬಲಗಡೆ ಹೊಲಿಗೆ ಮಷೀನು, ಅದರ ಮೇಲೆ ಬಗ್ಗಿದ ಅಪ್ಪನ ಬೆನ್ನು, ಕುತ್ತಿಗೆಗೆ ಹಳದಿ ಅಳತೆಯ ಟೇಪು, ಬೆನ್ನ ಹಿಂದೆ ಗುಡ್ಡದಂತೆ ಕಪ್ಪು, ಕಂದು ಬಟ್ಟೆ. ಸೂಜಿಯಿಂದ ಹೊರಟ ಒಂದು ದಾರ ಬೂದು ನೆಲದ ಮೇಲೆ ಎಡಕ್ಕೆ ಹೊರಟು, ಎಲ್ಲಿಗೂ ಹೋಗದೆ ನಿಂತುಬಿಟ್ಟಿತ್ತು. ಕೆಂಪು ಶಾಯಿಯಲ್ಲಿ ಬರೆದೆ: ‘ಭಾರವೆಲ್ಲ ಬಲಕ್ಕೆ. ದಾರ ಎಲ್ಲಿಗೂ ಮುಟ್ಟುವುದಿಲ್ಲ. ಅರ್ಧ ಹಾಳೆ ಸೋಮಾರಿ.’ ಐವತ್ತಕ್ಕೆ ಹನ್ನೆರಡು ಕೊಟ್ಟೆ.

ನೀನು ನಲವತ್ತಮೂರು ಕೊಟ್ಟಿದ್ದೆ. ನನ್ನ ಅಂಕ ನೋಡಿ ಕುರ್ಚಿ ಹಿಂದಕ್ಕೆ ತಳ್ಳಿದೆ. ‘ಲೇ ಅಳತೆಗೋಲು, ಕಣ್ಣು ಎಲ್ಲಿಟ್ಟಿದೀಯೋ? ಆ ಹಳದಿ ಅಷ್ಟು ಜೋರಾಗಿ ಕೂಗ್ತಾ ಇದೆ, ಕೇಳಿಸಲ್ವಾ?’

ನೀನು ಟೇಪಿನ ಮಾತಾಡುತ್ತಿದ್ದೀಯ ಅಂದುಕೊಂಡೆ, ಮಸಿ. ಸತ್ಯವಾಗಿ. ‘ಒಂದು ಟೇಪು ಅರ್ಧ ಹಾಳೆಯನ್ನು ತೂಗುತ್ತೇನೋ?’ ಅಂದೆ. ನೀನು ‘ಯಾವ ಟೇಪೋ?’ ಅಂದೆ. ನನಗೆ ರೇಗಿತು. ಗುಮಾಸ್ತನ ಎದುರು, ಆ ಇಬ್ಬರು ಕಿರಿಯ ಮೇಷ್ಟ್ರುಗಳ ಎದುರು ಕೇಳಬಾರದ್ದನ್ನು ಕೇಳಿದೆ: ‘ನಿನಗೆ ಆ ಟೈಲರು ಎಷ್ಟು ಅಂಗಿ ಪುಕ್ಕಟೆ ಹೊಲಿದುಕೊಟ್ಟಿದಾನೆ?’

ನೀನು ಪೆನ್ನಿಗೆ ಮುಚ್ಚಳ ಹಾಕಿದೆ. ನಲವತ್ತು ವರ್ಷದಲ್ಲಿ ನೀನು ಪೆನ್ನಿಗೆ ಮುಚ್ಚಳ ಹಾಕಿದ್ದನ್ನು ನಾನು ನೋಡಿರಲಿಲ್ಲ. ಹಾಕಿ, ಎದ್ದು ಹೋದೆ. ಇಬ್ಬರ ಅಂಕದ ನಡುವೆ ಇಪ್ಪತ್ತಕ್ಕಿಂತ ಹೆಚ್ಚು ಅಂತರ ಬಂದರೆ ಹಿರಿಯ ಪರೀಕ್ಷಕನದೇ ಕೊನೆಯ ಮಾತು. ನಿನಗಿಂತ ಏಳು ತಿಂಗಳು ಮೊದಲು ಕೆಲಸಕ್ಕೆ ಸೇರಿದ ಹಿರಿಯ ನಾನು. ಹನ್ನೆರಡೇ ಉಳಿಯಿತು.

ಆಮೇಲೆ ನೀನು ಬಂದು ಒಂದು ಮಾತು ಬೈದು ಹೋಗಬಹುದಿತ್ತು. ಕಾದೆ. ಶುಕ್ರವಾರ ನಮ್ಮ ಕಾಫಿ ಅಂಗಡಿಯಲ್ಲಿ, ಗೋಡೆ ಪಕ್ಕದ ಅದೇ ಮೇಜಿನಲ್ಲಿ, ಬೇಕೆಂದೇ ಎರಡು ಗಂಟೆ ಕೂತೆ. ನೀನು ಬರಲಿಲ್ಲ. ಅಷ್ಟು ಹಗೆ ಸಾಧಿಸುವವನು ನೀನಲ್ಲ ಅಂದುಕೊಂಡಿದ್ದೆ. ಹೋಗಲಿ, ಆ ಮಾತು ಬೇಡ. ತಪ್ಪು ನನ್ನದು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಆ ಹುಡುಗಿ ನನ್ನ ಮನೆಗೇ ಬಂದಳು. ನನ್ನ ತಂಗಿ ಬಾಗಿಲು ತೆರೆದು, ‘ಅಣ್ಣ, ನಿನ್ನನ್ನ ನೋಡೋಕೆ ಒಂದು ಹೆಣ್ಣುಮಗು ಬಂದಿದೆ, ತನಗಿಂತ ದೊಡ್ಡ ಹಾಳೆ ಹೊತ್ಕೊಂಡು’ ಅಂದಳು. ವಿದ್ಯಾರ್ಥಿಗಳು ಪರೀಕ್ಷಕರ ಮನೆಗೆ ಬರಬಾರದು, ಬಂದರೆ ಒಳಗೆ ಸೇರಿಸಬಾರದು. ಆ ನಿಯಮವೂ ನನ್ನದೇ. ಸೇರಿಸಿದೆ.

‘ಸರ್, ಅಂಕ ಕೇಳೋಕೆ ಬಂದಿಲ್ಲ,’ ಅಂದಳು ನಿಂತುಕೊಂಡೇ. ‘ದಾರ ಎಲ್ಲಿಗೂ ಮುಟ್ಟಲ್ಲ ಅಂತ ಬರೆದಿದ್ದೀರಂತೆ. ಎಲ್ಲಿಗೆ ಮುಟ್ಟಿಸಬೇಕಿತ್ತು ಅಂತ ಹೇಳಿದ್ರೆ ತಿಳ್ಕೊಂಡು ಹೋಗ್ತೀನಿ.’ ನಮ್ಮ ಗುಮಾಸ್ತನ ಬಾಯಿಗೆ ಬೀಗವಿಲ್ಲ ಅನ್ನುವುದು ನಿನಗೆ ಗೊತ್ತಲ್ಲ.

ಮೂಲ ಹಾಳೆ ಕಚೇರಿಯ ಕಪಾಟಿನಲ್ಲಿದೆ. ಅವಳು ತಂದದ್ದು ಅದೇ ಅಳತೆಯ, ಅದೇ ಬಣ್ಣದ ಕರಡು. ಮೇಜಿನ ಮೇಲೆ ಹರಡಿದಳು. ನನಗೆ ಮತ್ತೆ ಅದೇ ಕಂಡಿತು: ಅಪ್ಪ, ಮಷೀನು, ಗುಡ್ಡ, ಎಲ್ಲಿಗೂ ಹೋಗದ ದಾರ. ಮುಂದೇನು ಮಾಡುತ್ತೀಯಮ್ಮ ಅಂತ ಕೇಳಿದೆ. ಮೇಲಿನ ಕೋರ್ಸಿಗೆ ಈ ವರ್ಷ ಪಾಸಾದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ ಅಂದಳು. ಇಲ್ಲದಿದ್ದರೆ ಮುಂದಿನ ತಿಂಗಳಿಂದ ಅಂಗಡಿಯಲ್ಲಿ ಕೂರಬೇಕು. ‘ಅಪ್ಪ ಕೆಟ್ಟೋರಲ್ಲ ಸರ್. ಎರಡನೇ ಮಷೀನು ಖಾಲಿ ಬಿದ್ದಿದೆ, ಅಷ್ಟೇ.’

ಆಗ ನಾನು ಮೂವತ್ತು ವರ್ಷದಿಂದ ಪ್ರತಿ ತರಗತಿಯಲ್ಲಿ ಹೇಳುತ್ತಾ ಬಂದದ್ದನ್ನು ಹೇಳಿದೆ. ಚಿತ್ರ ತೂಗುತ್ತದೋ ಇಲ್ಲವೋ ಅನುಮಾನ ಬಂದರೆ ತಲೆಕೆಳಗು ಮಾಡಿ ನೋಡು. ನೆಟ್ಟಗಿರುವಾಗ ಅದು ಅಪ್ಪ, ಮಷೀನು, ಬಟ್ಟೆ, ಮನಸ್ಸು ಮರುಳಾಗುತ್ತದೆ. ತಲೆಕೆಳಗಾದರೆ ಬರೀ ಭಾರ ಉಳಿಯುತ್ತದೆ. ಆಗ ಸುಳ್ಳು ನಡೆಯುವುದಿಲ್ಲ.

ಅವಳು ಹಾಳೆಯನ್ನು ಮೇಜಿನ ಮೇಲೆಯೇ ತಿರುಗಿಸಿದಳು.

ಮಸಿ, ಅದು ಬೇರೆ ಚಿತ್ರವಾಯಿತು. ಬೂದು ನೆಲ, ನೆಲದ ಬಲತುದಿಯಲ್ಲಿ ಹೆಬ್ಬೆರಳಷ್ಟು ಒಂದು ಹಳದಿ ದಾರದ ರೀಲು. ಉರುಳಿ ದೂರ ಹೋಗಿ ನಿಂತಿರುವ ರೀಲು. ನೀನು ಹೇಳಿದಂತೆ ಕೂಗುತ್ತಿತ್ತು. ಪಾರ್ಕಿನ ಏರಿಳಿಯುವ ಹಲಗೆಯ ನಡುವಿಗೆ ಹತ್ತಿರ ದಪ್ಪ ಮಾವ ಕೂತರೂ, ತೀರ ತುದಿಯಲ್ಲಿ ಕೂತ ಮಗು ಅವನನ್ನು ಎತ್ತುತ್ತದಲ್ಲ, ಹಾಗೆ ಅರ್ಧ ಹಾಳೆಯ ಕಪ್ಪನ್ನು ಎತ್ತಬಲ್ಲ ಹಳದಿ. ಆದರೆ ಎತ್ತಲು ಅಲ್ಲಿ ಕಪ್ಪೇ ಇರಲಿಲ್ಲ. ಅಪ್ಪ ಇಲ್ಲ. ಮಷೀನು ಇಲ್ಲ. ಗುಡ್ಡ ಇಲ್ಲ.

‘ಅಪ್ಪನ್ನ ಯಾಕಮ್ಮ ತೆಗೆದುಬಿಟ್ಟೆ?’ ಅಂತ ಕೇಳಿದೆ.

‘ತೆಗೆದಿಲ್ಲ ಸರ್,’ ಅಂದಳು. ‘ಇಲ್ಲೇ ಇದ್ದಾರಲ್ಲ.’

ತೋರಿಸಲು ಅವಳ ಬೆರಳು ರೀಲಿನಿಂದ ಹೊರಟು ದಾರದ ಮೇಲೆ ಎಡಕ್ಕೆ ಸಾಗಿತು. ಹಾಳೆಯ ನಡುವೆ ಎಲ್ಲೋ ಆ ಬೆರಳು ಇಲ್ಲವಾಯಿತು. ನಂತರ ಕೈ. ನಂತರ ಮೊಣಕೈ. ಹುಡುಗಿಯ ಧ್ವನಿ ಮಾತ್ರ ‘ಇಲ್ಲಿ ಸರ್, ಇಲ್ಲಿ’ ಅನ್ನುತ್ತಿತ್ತು.

ನಾನು ಕುತ್ತಿಗೆ ತಿರುಗಿಸಿದೆ. ಗಲ್ಲ ಭುಜಕ್ಕೆ ತಾಗುವಷ್ಟು ತಿರುಗಿಸಿದ ಮೇಲೆ ಒಬ್ಬೊಬ್ಬರಾಗಿ ಬಂದರು, ಬಸ್ಸು ಹತ್ತಿದಂತೆ: ಕೈ, ಬೆರಳು, ತಲೆಕೆಳಗಾದ ಅಪ್ಪ, ಮಷೀನು. ಎಲ್ಲ ಅಲ್ಲೇ ಇದ್ದರು. ಯಾರೂ ಎಲ್ಲಿಗೂ ಹೋಗಿರಲಿಲ್ಲ.

‘ಪರೀಕ್ಷೆ ಮಾಡ್ತಿದ್ದೆ ನಿನ್ನನ್ನ,’ ಅಂತ ನಕ್ಕೆ. ಯೋಚನೆ ಮಾಡುತ್ತೇನೆ, ಹೋಗು ಅಂದೆ. ಅವಳು ಹಾಳೆ ಸುತ್ತಿಕೊಂಡಳು. ಹೊರಡುವಾಗ ಏನು ಮಾಡಿದಳು ಗೊತ್ತೇ? ತಂಗಿ ಯಾವಾಗಲೋ ತಂದಿಟ್ಟಿದ್ದ ಕಾಫಿ ಲೋಟ ನನ್ನ ಎಡಗಡೆ ಇತ್ತಂತೆ. ಅದನ್ನು ಎತ್ತಿ, ಸದ್ದಿಲ್ಲದೆ ನನ್ನ ಬಲಗಡೆಗೆ ಇಟ್ಟು ಹೋದಳು. ಕಾಫಿ ಆರಿ ಕೆನೆ ಕಟ್ಟಿತ್ತು. ಅದು ಅಲ್ಲಿದ್ದದ್ದೇ ನನಗೆ ಗೊತ್ತಿರಲಿಲ್ಲ.

ಅವಳಿಗೆ ನಾನು ಸಮತೋಲದಲ್ಲಿ ಹನ್ನೆರಡು ಕೊಟ್ಟಿದ್ದೇನೆ.

ಮಧ್ಯಾಹ್ನ, ಊಟದ ಮೇಲೆ

ಮುಂದುವರಿಸುತ್ತೇನೆ. ಊಟ ಅರ್ಧವೇ ಮಾಡಿದೆನಂತೆ. ಈಗ ತಟ್ಟೆಯನ್ನು ತಿರುಗಿಸಿ ಉಳಿದದ್ದನ್ನೂ ಉಂಡೆ. ತಂಗಿ ನೋಡಿ, ‘ಇದೇನಣ್ಣ, ಊಟದಲ್ಲೂ ಡ್ರಾಯಿಂಗಾ?’ ಅಂದಳು. ಅವಳಿಗೆ ಇನ್ನೂ ಹೇಳಿಲ್ಲ.

ಈಗ ಒಂದೊಂದೇ ಜೋಡಣೆಯಾಗುತ್ತಿದೆ. ಒಂದು ತಿಂಗಳಿಂದ ಪಲ್ಯದ ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು. ರುಚಿಯಿಲ್ಲವೇನೋ ಅಂತ ಅವಳು ಮುಖ ಊದಿಸುತ್ತಿದ್ದಳು. ನನ್ನ ಎಡ ಭುಜದಲ್ಲಿ ಬಾಗಿಲ ಚೌಕಟ್ಟಿನ ಅಳತೆಗೆ ಸರಿಯಾಗಿ ನೀಲಿಗಟ್ಟಿದೆ. ಹದಿನೈದು ದಿನದ ಹಿಂದೆ ಮುಖ ಕ್ಷೌರ ಮಾಡಿಕೊಂಡು ಹೊರಗೆ ಬಂದಾಗ ಅವಳು ಬಿದ್ದು ಬಿದ್ದು ನಕ್ಕಿದ್ದಳು: ‘ಬ್ಲೇಡು ಉಳಿಸೋಕೆ ಅರ್ಧ ಮುಖಕ್ಕೆ ನಿಲ್ಲಿಸಿಬಿಟ್ಯಾ?’ ನಾನೂ ನಕ್ಕಿದ್ದೆ. ಕರೆಗಂಟೆ ಆಯಿತು, ಮರೆತೆ ಅಂದಿದ್ದೆ. ಯಾವ ಕರೆಗಂಟೆಯೂ ಆಗಿರಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಅಂತಲೂ ನನಗೆ ಗೊತ್ತಿರಲಿಲ್ಲ ಕಣೋ. ಆ ಕ್ಷಣಕ್ಕೆ ಕರೆಗಂಟೆ ಆದದ್ದು ನನಗೆ ನಿಜವಾಗಿ ನೆನಪಿತ್ತು.

ಇನ್ನೊಂದನ್ನು ಹೇಳಲು ಬಾಯಿ ಬರುತ್ತಿಲ್ಲ, ಪೆನ್ನಿನಿಂದ ಹೇಳುತ್ತೇನೆ. ನನ್ನವಳ ಫೋಟೊ ನಾನು ಕೂರುವ ಮೇಜಿನ ಎಡಗೋಡೆಯ ಮೇಲಿದೆ, ನೀನೇ ಮೊಳೆ ಹೊಡೆದದ್ದು. ಮೂರು ವರ್ಷದಿಂದ ದಿನಾ ಬೆಳಗ್ಗೆ ಅದಕ್ಕೆ ಒಂದು ಮಾತು ಹೇಳಿಯೇ ಪೆನ್ಸಿಲು ಹಿಡಿಯುತ್ತಿದ್ದೆ. ಯಾವಾಗಲೋ ಅದು ನಿಂತುಹೋಗಿದೆ. ನಿಂತುಹೋದದ್ದೂ ತಿಳಿಯಲಿಲ್ಲ. ಪರೀಕ್ಷೆಗೆ ಎರಡು ವಾರ ಮುಂಚೆ ಒಂದು ದಿನ ಏಕಾಏಕಿ ನೆನಪಾಗಿ ನೋಡಿದರೆ ಫೋಟೊ ಇಲ್ಲ. ತಂಗಿಯ ಮೇಲೆ ಕೂಗಾಡಿದೆ. ಅತ್ತಿಗೆಯ ಫೋಟೊ ತೆಗೆಯಲು ನಿನಗೆ ಯಾರು ಅಧಿಕಾರ ಕೊಟ್ಟರು ಅಂತ, ಅದೂ ಇದೂ, ಬರೆಯಲಾಗದ್ದೆಲ್ಲ. ಅವಳು ಅಳುತ್ತಾ ಬಂದು, ನನ್ನ ಗಲ್ಲ ಹಿಡಿದು, ಮಗುವಿನ ಮುಖ ತಿರುಗಿಸುವಂತೆ ತಿರುಗಿಸಿದಳು. ಫೋಟೊ ಅಲ್ಲೇ ಇತ್ತು. ಆಗ ನಾನೇನಂದೆ? ‘ಈಗ ತಂದು ಹಾಕಿದೆ, ಅಲ್ವಾ?’ ಅಂದೆ. ಅವಳು ಎರಡು ದಿನ ಮಾತು ಬಿಟ್ಟಳು.

ನಿನ್ನೆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತು ನನ್ನವಳ ಮುಖವನ್ನು ನೆನಪಿನಿಂದ ಬರೆದೆ. ಸಾವಿರ ಸಲ ಬರೆದ ಮುಖ. ಹತ್ತು ನಿಮಿಷದ ಕೆಲಸ. ಚೆನ್ನಾಗಿ ಬಂತು, ತುಂಬಿದ ಮುಖ, ಆ ಹುಬ್ಬು, ಆ ಓಲೆ. ಆಮೇಲೆ ಹಾಳೆಯನ್ನು ತಿರುಗಿಸಿದೆ.

ಒಂದು ಕಣ್ಣು, ಅರ್ಧ ಮೂಗು, ಅರ್ಧ ಬಾಯಿ ಮಾತ್ರ ಬರೆದಿದ್ದೆ. ಉಳಿದ ಕಡೆ ಬಿಳಿ ಹಾಳೆ.

ಕತ್ತಲಿದ್ದರೆ ಕತ್ತಲಾದರೂ ಕಾಣುತ್ತಿತ್ತು ಮಸಿ. ಪರದೆ ಇದ್ದರೆ ಪರದೆ ಎಳೆದಿದ್ದಾರೆ ಅನ್ನಬಹುದಿತ್ತು. ಇಲ್ಲಿ ಏನೂ ಕಡಿಮೆಯಾದಂತೆ ಅನ್ನಿಸುವುದೇ ಇಲ್ಲ. ಜಗತ್ತು ತುಂಬಿಯೇ ಇದೆ, ತೂಗುತ್ತಲೇ ಇದೆ. ಇದನ್ನು ಬರೆಯುವಾಗಲೂ ಎಡಗಡೆ ಯಾರೋ ನಿಂತಿದ್ದಾರೇನೋ ಅಂತ ಸಾಲಿಗೊಮ್ಮೆ ತಿರುಗಿ ನೋಡುತ್ತಿದ್ದೇನೆ. ಯಾರೂ ಇಲ್ಲ. ತಿರುಗಿ ಮತ್ತೆ ಹಾಳೆ ನೋಡಿದ ಕೂಡಲೇ, ಯಾರೂ ಇಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ ಅನ್ನಿಸುತ್ತದೆ. ಮೊನ್ನೆ ರಸ್ತೆ ದಾಟುವಾಗ ಹಾರನ್ ಕೇಳಿತು. ಎಲ್ಲಿಂದ ಅಂತ ಹುಡುಕಿದೆ, ರಸ್ತೆ ಖಾಲಿ. ಖಾಲಿ ರಸ್ತೆಯಿಂದ ಒಂದು ಬಸ್ಸು ನನ್ನ ತೋಳು ಸವರಿಕೊಂಡು ಹೋಯಿತು. ಡ್ರೈವರು ತಲೆ ಹೊರಗೆ ಹಾಕಿ, ‘ಅಜ್ಜಾ, ಮನೇಲಿ ಹೇಳಿ ಬಂದಿದೀಯಾ?’ ಅಂದ. ಹೇಳಿ ಬಂದಿರಲಿಲ್ಲ.

ಯಾವಾಗ ಶುರುವಾಯಿತು ಅಂತ ಲೆಕ್ಕ ಹಾಕಿದೆ. ಒಂದೂವರೆ ತಿಂಗಳ ಹಿಂದೆ ಒಂದು ಬೆಳಗ್ಗೆ ಬಣ್ಣದ ತಟ್ಟೆ ಎಡಗೈಯಿಂದ ಜಾರಿ ಬಿತ್ತು. ತಲೆ ಒಂದು ಥರಾ ಭಾರವಾಗಿ ಸಂಜೆಯವರೆಗೆ ಮಲಗಿದೆ. ಎದ್ದಾಗ ಎಲ್ಲ ಸರಿಯಿತ್ತು. ವಯಸ್ಸಾಯಿತು ಅಂದುಕೊಂಡೆ. ನನ್ನವಳು ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ ಅಂದಾಗಲೂ ನಾನು ಅದೇ ಅಂದಿದ್ದೆ: ವಯಸ್ಸಾಯಿತು. ಆ ಮಾತಿನ ಬೆಲೆ ಗೊತ್ತಿದ್ದೂ ಮತ್ತೆ ಅದನ್ನೇ ಅಂದೆ. ಡಾಕ್ಟರ ಹತ್ತಿರ ಹೋಗಿಲ್ಲ. ಆ ಕಾರಿಡಾರಿನ ಬೆಂಚು, ಗೋಡೆಯ ಹಸಿರು ಪಟ್ಟಿ, ಹೆಸರು ಕೂಗುವುದಕ್ಕೆ ಕಾಯುವುದು, ನೀನೂ ಇದ್ದೆಯಲ್ಲ ನನ್ನ ಜೊತೆ. ಒಬ್ಬನೇ ಹೋಗಿ ಅಲ್ಲಿ ಕೂರಲಾರೆ.

ಈಗ ಫಾರಂ ವಿಷಯ.

ಅಂಕ ತಿದ್ದಲು ಇಬ್ಬರು ಪರೀಕ್ಷಕರ ಸಹಿ ಬೇಕು, ‘ಕಾರಣ’ ಅನ್ನುವ ಜಾಗದಲ್ಲಿ ಕಾರಣ ಬರೆಯಬೇಕು. ನಿನ್ನೆ ಸಂಜೆಯೇ ಒಂದು ಫಾರಂ ತುಂಬಿಸಿದ್ದೆ. ಹನ್ನೆರಡನ್ನು ನಲವತ್ತಮೂರು ಮಾಡಿ, ಕಾರಣ: ‘ಕೂಡಿಸುವಾಗ ಆದ ತಪ್ಪು.’ ಎಷ್ಟು ಸುಲಭ ನೋಡು. ಯಾರೂ ಏನೂ ಕೇಳುವುದಿಲ್ಲ. ಹುಡುಗಿ ಪಾಸು. ನನ್ನ ಶನಿವಾರದ ತರಗತಿ ನನಗೇ, ಮಹಡಿಯ ಹಾಲಿನ ಬೀಗದ ಕೈ ನನ್ನ ಗೂಡಿನಲ್ಲೇ. ಆ ತರಗತಿ ಹೋದರೆ ನನಗೆ ವಾರಕ್ಕೆ ಏಳೂ ಭಾನುವಾರ. ಈ ಕಾಗದದ ಮೊದಲ ಸಾಲು ಬರೆಯುವಾಗ ಲಕೋಟೆಯೊಳಗೆ ಇದ್ದದ್ದು ಆ ಫಾರಂ. ನಿನಗೂ ಪೂರ್ತಿ ನಿಜ ಹೇಳುವ ಮನಸ್ಸಿರಲಿಲ್ಲ. ಜಗಳಕ್ಕೆ ಕ್ಷಮೆ ಕೇಳಿ, ಸಹಿ ಹಾಕಿಸಿಕೊಂಡು ಸುಮ್ಮನಾಗುವುದು ಅಂತ ಕೂತವನು ನಾನು.

ಆದರೆ ಬರೆಯುತ್ತಾ ಬರೆಯುತ್ತಾ ‘ಎಲ್ಲರೂ ಬಲಕ್ಕೆ ವಾಲ್ತಾರೆ’ ಅನ್ನುವಲ್ಲಿಗೆ ಬಂದೆನಲ್ಲ, ಅಲ್ಲಿ ಪೆನ್ನು ನಿಂತಿತು. ನನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ನಲವತ್ತರಲ್ಲಿ ಹದಿನಾಲ್ಕು ಹಾಳೆಗೆ ನಾನು ಎಡಗಡೆ ಖಾಲಿ ಅಂತ ಬರೆದಿದ್ದೇನೆ. ಹದಿನಾಲ್ಕು! ನಿನ್ನ ಅಂಕದ ಜೊತೆ ಸರಾಸರಿಯಾಗಿ ಅವರೆಲ್ಲ ಹೇಗೋ ದಾಟಿದರು, ಯಾರೂ ನನ್ನ ಮನೆ ಬಾಗಿಲಿಗೆ ಬರಲಿಲ್ಲ, ಅಷ್ಟೇ. ಆ ಹಾಳೆಗಳ ಎಡಗಡೆ ಏನೇನಿತ್ತು ಮಸಿ? ಒಂದು ಹಕ್ಕಿ ಇತ್ತೇ, ಒಂದು ಕಿಟಕಿ, ಒಂದು ಮಗು? ಆ ಮಕ್ಕಳು ತಿಂಗಳುಗಟ್ಟಲೆ ಕೂತು ಇಟ್ಟ ಭಾರ. ಕೂಡಿಸುವಾಗ ತಪ್ಪಾಯಿತು ಅಂದರೆ ಅವರ ಹಾಳೆಗಳನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಮುಂದಿನ ವರ್ಷ ನಾನು ಮತ್ತೆ ಸ್ಕೇಲು ಹಿಡಿದು ಅದೇ ಕುರ್ಚಿಯಲ್ಲಿ ಕೂರುತ್ತೇನೆ.

ಆ ಫಾರಂ ಹರಿದೆ. ಹೊಸದು ಇಟ್ಟಿದ್ದೇನೆ. ಮೊದಲು ಇಂಗ್ಲಿಷಿನಲ್ಲಿ ಬರೆಯಲು ಹೋದೆ, ಭಾರವಾಗಿ ಇರಲಿ ಅಂತ. ‘ಐ ಬೆಗ್ ಟು ಸ್ಟೇಟ್ ದಟ್’ ಅಂತ ಶುರುಮಾಡಿದರೆ ಕೈ ತಾನಾಗಿ ‘ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಅನ್ನುವ ರಜಾ ಚೀಟಿಗೆ ಹೋಗುತ್ತದೆ. ಕಾಲೇಜು ನನಗೆ ಕೊಟ್ಟದ್ದು ಅಷ್ಟೇ. ಕನ್ನಡದಲ್ಲೇ ಬರೆದೆ: ‘ಪರೀಕ್ಷಕನಿಗೆ ಹಾಳೆಯ ಎಡಭಾಗ ಕಂಡಿಲ್ಲ. ಕಂಡಿಲ್ಲವೆಂದು ಅವನಿಗೆ ತಿಳಿದೂ ಇರಲಿಲ್ಲ. ಸಮತೋಲದ ನಲವತ್ತೂ ಹಾಳೆಗಳನ್ನು ಎರಡನೆಯ ಪರೀಕ್ಷಕರು ಮತ್ತೆ ನೋಡಬೇಕು.’ ಕೆಳಗೆ ನನ್ನ ಸಹಿ. ನಿನ್ನ ಸಹಿಯ ಜಾಗ ಬಲಗಡೆ ಖಾಲಿ ಇದೆ. ಅಲ್ಲಿ ಖಾಲಿ ಇದೆ ಅಂತ ಖಚಿತವಾಗಿ ಹೇಳಬಲ್ಲೆ.

ಒಂದು ಮಾತು. ಈ ಕಾಗದದ ಮೊದಲ ಪುಟ ನೋಡಿ ನೀನು ಗೊಣಗಿರುತ್ತೀಯ: ಅಳತೆಗೋಲು ಯಾಕೆ ಇಷ್ಟು ಅಂಚು ಬಿಟ್ಟಿದ್ದಾನೆ, ಸಾಲೆಲ್ಲ ಮೆಟ್ಟಿಲಿಳಿದ ಹಾಗೆ ಬಲಕ್ಕೆ ಜರುಗಿದೆಯಲ್ಲ ಅಂತ. ಆ ಪುಟವನ್ನೂ ತಿರುಗಿಸಿ ನೋಡಿದ ಮೇಲೆ ನನಗೆ ತಿಳಿದದ್ದು. ಎರಡನೆಯ ಪುಟದಿಂದ ಎಡ ಅಂಚಿನಲ್ಲಿ ದಪ್ಪಗೆ ಕೆಂಪು ಗೆರೆ ಎಳೆದಿದ್ದೇನೆ. ಪ್ರತಿ ಸಾಲಿಗೂ ಆ ಕೆಂಪು ಸಿಗುವವರೆಗೆ ಕುತ್ತಿಗೆ ತಿರುಗಿಸುತ್ತೇನೆ, ಸಿಕ್ಕ ಮೇಲೆ ಬರೆಯುತ್ತೇನೆ. ಅದಕ್ಕೇ ಇಷ್ಟು ಹೊತ್ತಾಯಿತು. ಕುತ್ತಿಗೆ ನೋಯುತ್ತಿದೆ. ಆದರೆ ಕೆಂಪು ಸಿಗುತ್ತದೆ.

ಅಂಗಿಯ ಮಾತಿಗೆ ಕ್ಷಮೆ ಕೇಳುವಷ್ಟು ಮುಖ ನನಗಿಲ್ಲ. ಇರುವ ಅರ್ಧ ಮುಖದಿಂದ ಕೇಳುತ್ತಿದ್ದೇನೆ. ಸಹಿ ಹಾಕಿ ಫಾರಂ ಕಚೇರಿಗೆ ಕೊಡು. ಟೈಲರ್ ಮಗಳಿಗೆ ಒಂದು ಮಾತು ಹೇಳು: ದಾರ ಮುಟ್ಟಿದೆ ಅಂತ. ಆಮೇಲೆ ನಿನಗೆ ಪುರುಸೊತ್ತಿದ್ದರೆ, ಸಿಟ್ಟು ಆರಿದ್ದರೆ, ಆರದಿದ್ದರೂ, ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ರಸ್ತೆ ದಾಟುವಾಗ ಎಡಗಡೆ ಇರು. ನನಗೆ ಬಹಳ ಹೆದರಿಕೆಯಾಗುತ್ತಿದೆ ಕಣೋ.

ಇಷ್ಟು ವರ್ಷ ಎಲ್ಲರನ್ನೂ ಅಳೆದ
ನಿನ್ನ ಅಳತೆಗೋಲು

ಮರೆತ ಮಾತು: ಕಾಗದ ಮುಗಿಸಿ, ಲಕೋಟೆ ಅಂಟಿಸಲು ತಂಗಿಯನ್ನು ಗೋಂದು ಕೇಳಿದೆ. ಯಾರಿಗೆ ಕಾಗದ ಅಂದಳು. ನಿನ್ನ ಹೆಸರು ಹೇಳಿದೆ. ಅವಳು ಸೊಂಟಕ್ಕೆ ಕೈ ಇಟ್ಟು ಅಂದಳು: ‘ಈಗ ಕಾಗದ ಬರೀತೀಯಾ? ಕಾಫಿ ಅಂಗಡಿಯವರು ನಿನ್ನೆ ನನ್ನ ಹತ್ರ ಹೇಳಿದ್ರು. ಶುಕ್ರವಾರ ಮಸಿಯಣ್ಣ ನಿನ್ನ ಮೇಜಿನ ಹತ್ರ ಬಂದು, ಕೈ ಚಾಚಿಕೊಂಡು ಎಷ್ಟೋ ಹೊತ್ತು ನಿಂತಿದ್ರಂತೆ. ನೀನು ತಿರುಗಿ ಕೂಡ ನೋಡಲಿಲ್ಲವಂತೆ. ಅವರು ಕಣ್ಣೊರೆಸಿಕೊಂಡು ಹೋದ್ರಂತೆ. ಮನುಷ್ಯ ಅಷ್ಟು ಕಲ್ಲಾಗಬಾರದು ಅಣ್ಣ.’ ನೀನು ಯಾವ ಕಡೆ ನಿಂತಿದ್ದೆ ಅಂತ ನಾನು ಅವಳನ್ನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಆ ಎರಡು ಗಂಟೆಯೂ ನಾನು ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತಾ, ನೀನು ಬರಲಿಲ್ಲವಲ್ಲ ಅಂತ ಬೈದುಕೊಳ್ಳುತ್ತಿದ್ದೆ. ಅವಳಿಗೆ ಈಗ ಎಲ್ಲ ಹೇಳಿದೆ. ಅಳು ಮುಗಿಸಿ, ಚಪ್ಪಲಿ ಹಾಕಿಕೊಂಡು ಈ ಕಾಗದಕ್ಕೆ ಕಾಯುತ್ತಾ ನಿಂತಿದ್ದಾಳೆ. ಮಸಿ, ಇನ್ನೊಮ್ಮೆ ಬಾ. ಅಲ್ಲೇ ನಿಲ್ಲು, ಎಡಗಡೆಯೇ. ತಿರುಗಲು ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಕೈ ಹಿಂದಕ್ಕೆ ತೆಗೆದುಕೊಳ್ಳಬೇಡ.